ಮನವಿ ಪತ್ರ ಕೊಟ್ಟರೆ ಸಾಲದು: ಹಳೆ ವಿದ್ಯಾರ್ಥಿಗಳ ಮಾತು ಸದನ ಮುಟ್ಟುವುದು ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದ್ದೇನೆ. ನಮ್ಮ ತಾಲ್ಲೂಕಿನ ಹಳೆ ವಿದ್ಯಾರ್ಥಿಗಳು ಸೇರಿ ಸಂಘ ಕಟ್ಟಿಕೊಂಡಿದ್ದೇವೆ. ಹಾವೇರಿ ವಿ.ವಿ. ಮುಚ್ಚುವ ಸುದ್ದಿ ಬಂದಾಗ ಶಾಸಕರಿಗೆ ಮನವಿ ಕೊಟ್ಟೆವು. ವಿ.ವಿ. ಉಳಿಸಿ, ಖಾಲಿ ಹುದ್ದೆ ತುಂಬಿ, ಅನುದಾನ ಹೆಚ್ಚಿಸಿ, ಹಾಸ್ಟೆಲ್ ಕಟ್ಟಿಸಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಬದಲಿಸಿ ಎಂದು ಹನ್ನೊಂದು ಬೇಡಿಕೆ ಬರೆದಿದ್ದೆವು. ಶಾಲು ಹೊದಿಸಿದೆವು, ಫೋಟೊ ಪೇಪರಿನಲ್ಲಿ ಬಂತು. ಅಲ್ಲಿಗೆ ಮುಗಿಯಿತು. ನಮ್ಮಂಥವರ ಮಾತು ವಿಧಾನಸೌಧದವರೆಗೆ ಹೋಗಲು ದಾರಿ ಇದೆಯೇ? ಸಂಘದಲ್ಲಿ ಸರ್ಕಾರಿ ನೌಕರರಿದ್ದಾರೆ. ವಿದೇಶದಲ್ಲಿರುವ ಗೆಳೆಯರು ಹಣ ಕಳಿಸುತ್ತೇವೆ ಎನ್ನುತ್ತಾರೆ. ಇದರಿಂದ ತೊಡಕಾಗದೇ?

ಉತ್ತರ: ದಾರಿ ಖಂಡಿತ ಇದೆ. ಮನವಿ ಕೊಡುವುದು ಆ ದಾರಿಯ ನಡುವೆ ಬರುವ ಒಂದು ಕೆಲಸ ಮಾತ್ರ. ಅದಕ್ಕೂ ಮೊದಲು ಮಾಡಬೇಕಾದದ್ದು, ಆಮೇಲೆ ಮಾಡಬೇಕಾದದ್ದು ಎರಡೂ ನಿಮ್ಮಲ್ಲಿ ಬಾಕಿ ಉಳಿದಿವೆ.

ಮೊದಲು ನಿಮ್ಮ ಕೈಯಲ್ಲೇ ಇರುವ ಹಕ್ಕಿನ ಮಾತು. ನಮ್ಮ ರಾಜ್ಯದ ಮೇಲ್ಮನೆಯಾದ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 7 ಮಂದಿಯನ್ನು ಪದವೀಧರರು ಆರಿಸುತ್ತಾರೆ, 7 ಮಂದಿಯನ್ನು ಶಿಕ್ಷಕರು ಆರಿಸುತ್ತಾರೆ. ಸಂವಿಧಾನದ 171ನೇ ವಿಧಿ ಕೊಟ್ಟ ಅವಕಾಶ ಇದು. ದೇಶದಲ್ಲಿ ಪರಿಷತ್ತು ಇರುವುದೇ ಆರು ರಾಜ್ಯಗಳಲ್ಲಿ. ಪಕ್ಕದ ತಮಿಳುನಾಡು, ಕೇರಳ, ಗೋವಾದ ಪದವೀಧರರಿಗೆ ಇಲ್ಲದ ಬಾಗಿಲು ನಿಮಗೆ ತೆರೆದಿದೆ. ನಿಮ್ಮದು ಕರ್ನಾಟಕ ಪಶ್ಚಿಮ ಪದವೀಧರರ ಕ್ಷೇತ್ರ: ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳು. 2020ರ ಅಕ್ಟೋಬರ್‌ನಲ್ಲಿ ಅಲ್ಲಿ ಚುನಾವಣೆ ನಡೆದಿತ್ತು, ಸದಸ್ಯರ ಅವಧಿ ಆರು ವರ್ಷ.

ನಿಮ್ಮ ಸಂಘದ ಸದಸ್ಯರಲ್ಲಿ ಎಷ್ಟು ಮಂದಿಯ ಹೆಸರು ಈ ಕ್ಷೇತ್ರದ ಮತದಾರರ ಪಟ್ಟಿಯಲ್ಲಿದೆ? ಮುಂದಿನ ಸಭೆಯಲ್ಲಿ ಇದನ್ನೇ ಮೊದಲ ವಿಷಯವಾಗಿ ತೆಗೆದುಕೊಳ್ಳಿ. ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿಯೂ ಇರುತ್ತದೆ ಎಂದು ಓದಿದವರೇ ನಂಬಿಕೊಂಡಿದ್ದಾರೆ. ಹಾಗಿಲ್ಲ. ಪದವೀಧರರ ಕ್ಷೇತ್ರದ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿಯೇ ಮಾಡುತ್ತಾರೆ. ಕಳೆದ ಸಲ ಮತ ಹಾಕಿದವರೂ ಹೆಸರು ಸೇರಿಸುವ ಅರ್ಜಿಯಾದ ನಮೂನೆ 18ನ್ನು ಮತ್ತೆ ತುಂಬಬೇಕು. ಚುನಾವಣೆಗೆ ಮೊದಲು ಬರುವ ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು, ಆ ಕ್ಷೇತ್ರದಲ್ಲಿ ವಾಸವಿರಬೇಕು. ಭಾರತದ ಯಾವ ವಿಶ್ವವಿದ್ಯಾಲಯದ ಪದವಿಯಾದರೂ ನಡೆಯುತ್ತದೆ. ಒಂದು ಎಚ್ಚರಿಕೆ: ಸಂಘದ ಹೆಸರಿನಲ್ಲಿ ಇನ್ನೂರು ಅರ್ಜಿ ಕಟ್ಟು ಕಟ್ಟಿ ತಹಶೀಲ್ದಾರ್ ಕಚೇರಿಗೆ ಒಯ್ದರೆ ತೆಗೆದುಕೊಳ್ಳುವುದಿಲ್ಲ. ಒಂದೇ ಮನೆಯವರ ಅರ್ಜಿಗಳನ್ನು ಒಬ್ಬರು ಕೊಡಬಹುದು, ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯದನ್ನು ಒಟ್ಟಿಗೆ ಕೊಡಬಹುದು. ಉಳಿದವರು ತಾವೇ ಹೋಗಬೇಕು. ಆದ್ದರಿಂದ ಸಂಘ ಮಾಡಬಹುದಾದ ಕೆಲಸ ಅಂದರೆ ನಮೂನೆ ಹಂಚುವುದು, ಪದವಿ ಪ್ರಮಾಣ ಪತ್ರದ ಪ್ರತಿಗೆ ದೃಢೀಕರಣ ಮಾಡಿಸಿಕೊಡುವುದು, ಕೊನೆಯ ದಿನಾಂಕವನ್ನು ಎಲ್ಲರಿಗೂ ಮತ್ತೆ ಮತ್ತೆ ನೆನಪಿಸುವುದು.

ಮತದಾನದ ರೀತಿಯೂ ಬೇರೆ. ಇಲ್ಲಿ ಯಂತ್ರವಿಲ್ಲ, ಕಾಗದದ ಮತಪತ್ರ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು, ಅದೂ ಮತಗಟ್ಟೆಯಲ್ಲಿ ಕೊಡುವ ನೇರಳೆ ಪೆನ್ನಿನಲ್ಲೇ. ಸ್ವಂತ ಪೆನ್ನು ತೆಗೆದು ಟಿಕ್ ಹಾಕಿದ ಮತ ಕಸಕ್ಕೆ ಹೋಗುತ್ತದೆ. ಎಂ.ಎ., ಪಿಎಚ್.ಡಿ. ಮಾಡಿದವರ ಮತಗಳೂ ಹೀಗೆ ತಿರಸ್ಕೃತವಾಗುತ್ತವೆ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಪದವೀಧರರ ಕ್ಷೇತ್ರದಿಂದ ನಿಲ್ಲುವ ಅಭ್ಯರ್ಥಿ ಪದವೀಧರನೇ ಆಗಿರಬೇಕೆಂದಿಲ್ಲ. ಮದ್ರಾಸಿನ ಒಂದು ಪ್ರಕರಣದಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಅಂದರೆ ಉನ್ನತ ಶಿಕ್ಷಣದ ಕಾಳಜಿಯನ್ನು ಆ ಚುನಾವಣೆಗೆ ತರಬೇಕಾದವರು ಮತದಾರರೇ. ನೀವು ಕೇಳದಿದ್ದರೆ ಅದು ಜಾತಿ ಲೆಕ್ಕ, ಪಕ್ಷದ ಲೆಕ್ಕದಲ್ಲೇ ಮುಗಿಯುತ್ತದೆ. ಅಭ್ಯರ್ಥಿಗಳೆಲ್ಲರನ್ನೂ ಒಂದೇ ವೇದಿಕೆಗೆ ಕರೆದು, ಎಲ್ಲರಿಗೂ ಒಂದೇ ಮೂರು ಪ್ರಶ್ನೆ ಕೇಳಿ, ಕೊಟ್ಟ ಉತ್ತರವನ್ನು ಅಚ್ಚು ಹಾಕಿಸಿ ಹಂಚಿ. ಗೆದ್ದವರ ಉತ್ತರದ ಪ್ರತಿ ಆರು ವರ್ಷ ನಿಮ್ಮ ಫೈಲಿನಲ್ಲಿರಲಿ.

ಪರಿಷತ್ತೊಂದೇ ಸಾಕೆಂದೂ ತಿಳಿಯಬೇಡಿ. ವಿಧಾನಸಭೆ ಒಪ್ಪಿದ ಮಸೂದೆಯನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೆಯಬಹುದು, ತಳ್ಳಿಹಾಕಲಾರದು. ಹಣಕಾಸು ಮಸೂದೆಯಾದರೆ ಬರೀ 14 ದಿನ. ಹಾಗಾಗಿ ಎಂಎಲ್‌ಸಿ, ಅಂದರೆ ಪರಿಷತ್ತಿನ ಸದಸ್ಯರು, ನಿಮ್ಮ ಪ್ರಶ್ನೆಯನ್ನು ಸದನದಲ್ಲಿ ಎತ್ತುವವರು, ನಿಮ್ಮ ಕ್ಷೇತ್ರದ ಶಾಸಕರು ಅದಕ್ಕೆ ಬಲ ಕೊಡುವವರು. ಇಬ್ಬರೂ ಬೇಕು.

ಈಗ ನಿಮ್ಮ ಹನ್ನೊಂದು ಬೇಡಿಕೆಗಳ ಕಡೆ ಬರೋಣ. ಯುಜಿಸಿ ನಿಯಮ ಬದಲಿಸುವುದು ಶಾಸಕರ ಕೈಯಲ್ಲಿಲ್ಲ. ಉನ್ನತ ಶಿಕ್ಷಣದ ಗುಣಮಟ್ಟ ನಿಗದಿ ಮಾಡುವುದು ಸಂವಿಧಾನದ ಪ್ರಕಾರ ಕೇಂದ್ರದ ವಿಷಯ, ಅದು ಸಂಸದರಿಗೆ ಕೊಡಬೇಕಾದ ಮನವಿ. ವಿಶ್ವವಿದ್ಯಾಲಯ ಸ್ಥಾಪಿಸುವುದು, ಮುಚ್ಚುವುದು ರಾಜ್ಯದ ವಿಷಯ. ಶಿಕ್ಷಣ ಒಟ್ಟಾರೆಯಾಗಿ 1976ರ 42ನೇ ತಿದ್ದುಪಡಿಯ ಮೇಲೆ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಪಟ್ಟಿಯಲ್ಲಿ. ಹಾಸ್ಟೆಲ್ ಹಲವು ಸಲ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಗೆ ಸೇರಿದ್ದು. ಎಲ್ಲವನ್ನೂ ಒಂದೇ ಕಾಗದದಲ್ಲಿ ಬರೆದರೆ ಶಾಸಕರ ಆಪ್ತ ಸಹಾಯಕರು ಅದನ್ನು ‘ಸೂಕ್ತ ಕ್ರಮಕ್ಕಾಗಿ’ ಎಂದು ಒಂದು ಇಲಾಖೆಗೆ ರವಾನಿಸುತ್ತಾರೆ, ಆ ಇಲಾಖೆ ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಇನ್ನೊಂದಕ್ಕೆ ಕಳಿಸುತ್ತದೆ. ಒಂದು ಕಾಗದಕ್ಕೆ ಒಂದೇ ಬೇಡಿಕೆ ಇರಲಿ. ಅದು ಒಂದು ಪುಟ ದಾಟದಿರಲಿ.

ಆ ಒಂದು ಬೇಡಿಕೆ ಯಾವುದಾಗಬೇಕು? ನನ್ನ ಅಭಿಪ್ರಾಯ ಕೇಳಿದರೆ, ಖಾಲಿ ಬೋಧಕ ಹುದ್ದೆ. ಕಟ್ಟಡ ಕೇಳಿದರೆ ಸಿಗುತ್ತದೆ, ಗುತ್ತಿಗೆ ಆಗುತ್ತದೆ, ಶಂಕುಸ್ಥಾಪನೆ ಆಗುತ್ತದೆ. ಮೇಷ್ಟ್ರನ್ನು ಕೇಳುವವರೇ ಕಡಿಮೆ. ಒಬ್ಬ ಪ್ರಾಧ್ಯಾಪಕರು ನಿವೃತ್ತರಾದರು ಎಂದುಕೊಳ್ಳಿ. ಹುದ್ದೆ ಮಂಜೂರಾದ ಪಟ್ಟಿಯಲ್ಲಿ ಹಾಗೇ ಇರುತ್ತದೆ. ಅದನ್ನು ತುಂಬಲು ವಿ.ವಿ.ಯಿಂದ ಪ್ರಸ್ತಾವ ಹೋಗಬೇಕು, ಉನ್ನತ ಶಿಕ್ಷಣ ಇಲಾಖೆಯಿಂದ ಕಡತ ಆರ್ಥಿಕ ಇಲಾಖೆಗೆ ಏರಬೇಕು, ಅಲ್ಲಿ ಸಹಮತಿ ಸಿಗಬೇಕು, ಆಮೇಲೆ ರೋಸ್ಟರ್ (ಮೀಸಲಾತಿಯ ಸರದಿ ಪಟ್ಟಿ), ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲು, ಅಧಿಸೂಚನೆ, ಸಂದರ್ಶನ. ಇದರಲ್ಲಿ ಎಲ್ಲಿಯಾದರೂ ಒಂದು ಕಡೆ ಕಡತ ನಿಂತರೆ ವರ್ಷಗಳು ಉರುಳುತ್ತವೆ. ಅಷ್ಟರಲ್ಲಿ ಇನ್ನೊಬ್ಬರು ನಿವೃತ್ತರಾಗುತ್ತಾರೆ. ಪಾಠ ಅತಿಥಿ ಉಪನ್ಯಾಸಕರ ಹೆಗಲಿಗೆ ಬೀಳುತ್ತದೆ. 2023ರ ಕೊನೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತುಹೋಗಿತ್ತು. ಆ ಕಾಲೇಜುಗಳು ಯಾರ ಮೇಲೆ ನಿಂತಿವೆ ಎಂಬುದು ಆಗ ಊರಿಗೆಲ್ಲ ಕಂಡಿತು. ಅವರಿಗೆ ನ್ಯಾಯ ಸಿಗುವುದು, ಹುದ್ದೆ ತುಂಬುವುದು ಎರಡೂ ಹಳೆ ವಿದ್ಯಾರ್ಥಿಗಳು ಮಾತಾಡಲೇಬೇಕಾದ ವಿಷಯ. ಒಳಗಿರುವ ಅಧ್ಯಾಪಕರಿಗೆ ಬಾಯಿ ಬಿಡುವ ಸ್ವಾತಂತ್ರ್ಯ ಕಡಿಮೆ, ಓದುತ್ತಿರುವ ಮಕ್ಕಳು ಮೂರು ವರ್ಷದಲ್ಲಿ ಹೊರಟುಹೋಗುತ್ತಾರೆ. ಉಳಿಯುವವರು ನೀವು.

ಬೇಡಿಕೆಗೆ ಅಂಕಿಯ ಬೆನ್ನೆಲುಬು ಬೇಕು. ‘ಬಹಳ ಹುದ್ದೆ ಖಾಲಿ ಇವೆ’ ಎಂದು ಬರೆದರೆ ಅಧಿಕಾರಿಗಳು ತಲೆಯಾಡಿಸಿ ಕಳಿಸುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ವಿ.ವಿ.ಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಇದನ್ನು ಮರೆತು ಪುಟಗಟ್ಟಲೆ ಬರೆದ ಅರ್ಜಿಗಳು ವಾಪಸು ಬರುತ್ತವೆ. ವಿಭಾಗವಾರು ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು, ಮುಂದಿನ ಮೂರು ವರ್ಷದಲ್ಲಿ ನಿವೃತ್ತರಾಗುವವರೆಷ್ಟು, ಭರ್ತಿಗೆ ಪ್ರಸ್ತಾವ ಕಳಿಸಿದ ದಿನಾಂಕ ಯಾವುದು ಎಂದಷ್ಟೇ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಇನ್ನೊಂದು ಅರ್ಜಿಯಲ್ಲಿ ನಿವೃತ್ತಿ ವೇತನಕ್ಕೆ ವಿ.ವಿ. ತನ್ನ ಆಂತರಿಕ ಆದಾಯದಿಂದ ಎಷ್ಟು ಕೊಡುತ್ತಿದೆ, ಸರ್ಕಾರದಿಂದ ಎಷ್ಟು ಬರುತ್ತಿದೆ ಎಂದು ಕೇಳಿ. ರಾಜ್ಯದ ಹಳೆಯ ವಿ.ವಿ.ಗಳು ಇವತ್ತು ಸೊಂಟ ಮುರಿದು ಕೂತಿರುವುದು ಈ ಹೊರೆಯಿಂದಲೇ. ಪರೀಕ್ಷಾ ಶುಲ್ಕದ ಹಣ ಪಿಂಚಣಿಗೆ ಹೋದರೆ ಪ್ರಯೋಗಾಲಯಕ್ಕೆ ಏನು ಉಳಿಯುತ್ತದೆ?

ಈ ಅಂಕಿ ಕೈಗೆ ಬಂದ ಮೇಲೆ ಎಂಎಲ್‌ಸಿ ಅಥವಾ ಶಾಸಕರ ಬಳಿ ಹೋಗಿ. ಮನವಿಯ ಜೊತೆ ಅವರು ಸದನಕ್ಕೆ ಕೊಡಬಹುದಾದ ಪ್ರಶ್ನೆಯನ್ನೂ ಬರೆದುಕೊಂಡು ಹೋಗಿ. ಶಾಸಕರಿಗೆ ನೂರು ಕೆಲಸ. ಪ್ರಶ್ನೆ ಸಿದ್ಧವಿದ್ದರೆ ಸಹಿ ಹಾಕಿ ಕಳಿಸುವುದು ಸುಲಭ. ಧಾಟಿ ಹೀಗಿರಲಿ:

“ಉನ್ನತ ಶಿಕ್ಷಣ ಸಚಿವರು ದಯಮಾಡಿ ತಿಳಿಸುವರೇ: (ಅ) ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಹಾವೇರಿ ವಿಶ್ವವಿದ್ಯಾಲಯದಲ್ಲಿ ಮಂಜೂರಾದ ಬೋಧಕ ಹುದ್ದೆಗಳೆಷ್ಟು, ಅವುಗಳಲ್ಲಿ ಖಾಲಿ ಇರುವುವೆಷ್ಟು? (ವಿಭಾಗವಾರು ವಿವರ ನೀಡುವುದು) (ಆ) ಭರ್ತಿಗೆ ಆರ್ಥಿಕ ಇಲಾಖೆಯ ಸಹಮತಿ ಕೋರಿದ್ದು ಯಾವಾಗ, ಅದು ಯಾವ ಹಂತದಲ್ಲಿದೆ? (ಇ) ಯಾವ ಕಾಲಮಿತಿಯೊಳಗೆ ಭರ್ತಿ ಮಾಡಲಾಗುವುದು?”

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಆದರೆ ಸರದಿ ಬರುವುದು ಅದೃಷ್ಟ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಸದ್ದು ಕಡಿಮೆ, ಉಪಯೋಗ ಹೆಚ್ಚು. ಸರ್ಕಾರವೇ ಸಹಿ ಹಾಕಿ ಕೊಟ್ಟ ಅಂಕಿ ನಿಮ್ಮ ಕೈಯಲ್ಲಿರುತ್ತದೆ. ಅದು ಮಾಹಿತಿ ಹಕ್ಕಿನ ಅಂಕಿಗೆ ಹೊಂದದಿದ್ದರೆ ಆ ವ್ಯತ್ಯಾಸವೇ ನಿಮ್ಮ ಮುಂದಿನ ಪ್ರಶ್ನೆ. ಅಧಿವೇಶನ ಶುರುವಾಗುವುದಕ್ಕೆ ಮೂರು ವಾರವಾದರೂ ಮೊದಲು ಪ್ರಶ್ನೆ ಅವರ ಕೈ ಸೇರಿರಲಿ, ಏಕೆಂದರೆ ಸದನದ ಕಾರ್ಯದರ್ಶಿಗೆ ಮುಂಗಡ ಸೂಚನೆ ಕೊಡಬೇಕು.

ಉತ್ತರ ಬಂದ ದಿನ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ‘ಶೀಘ್ರದಲ್ಲೇ ಭರ್ತಿ ಮಾಡಲಾಗುವುದು’ ಎಂದು ಸಚಿವರು ಸದನದಲ್ಲಿ ಹೇಳಿದರೆ ಅದು ಸರ್ಕಾರದ ಭರವಸೆ. ಅಂಥ ಭರವಸೆಗಳನ್ನು ಬೆನ್ನಟ್ಟಲೆಂದೇ ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ, ಅದು ಇಲಾಖೆಯ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. ಅರ್ಜಿಗಳ ಸಮಿತಿಯೂ ಇದೆ, ಸಾರ್ವಜನಿಕರ ಅರ್ಜಿಯನ್ನು ಸದನದ ಮುಂದೆ ತರುವುದಕ್ಕೆ. ಇವೆರಡನ್ನೂ ಹಳೆ ವಿದ್ಯಾರ್ಥಿಗಳ ಸಂಘಗಳು ಬಳಸಿಕೊಂಡದ್ದು ನನ್ನ ಕಣ್ಣಿಗೆ ಬಿದ್ದದ್ದು ತೀರಾ ಅಪರೂಪ.

ಸಮಯದ ಲೆಕ್ಕವೂ ಮುಖ್ಯ. ರಾಜ್ಯ ಬಜೆಟ್ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಮಂಡನೆಯಾಗುತ್ತದೆ. ಆದರೆ ಇಲಾಖೆಗಳು ಅಂದಾಜು ತಯಾರಿಸುವುದು ಹಿಂದಿನ ವರ್ಷದ ಕೊನೆಯಲ್ಲೇ. ಬಜೆಟ್ ಹಿಂದಿನ ವಾರ ಕೊಟ್ಟ ಮನವಿಗೆ ಆ ವರ್ಷ ಜಾಗವಿರುವುದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಅಧಿವೇಶನ ನಡೆಯುತ್ತದೆ. ಹಾವೇರಿ, ಧಾರವಾಡದವರಿಗೆ ಅದು ಹತ್ತಿರ, ಉತ್ತರ ಕರ್ನಾಟಕದ ವಿಷಯಗಳಿಗೆ ಅಲ್ಲಿ ಕಿವಿಯೂ ಹೆಚ್ಚು. ನಿಮ್ಮ ನಾಲ್ಕೈದು ಮಂದಿ ಅಂಕಿ-ಅಂಶದ ಒಂದೊಂದು ಹಾಳೆ ಹಿಡಿದು ಅಲ್ಲಿ ಸಿಗಬೇಕಾದವರನ್ನು ಸಿಗಿ. ಆರ್ಥಿಕ ಇಲಾಖೆಗೂ ಒಂದು ಪ್ರತಿ ಕೊಡುವುದನ್ನು ಮರೆಯಬೇಡಿ. ಹುದ್ದೆಯ ಕಡತ ನಿಲ್ಲುವುದು ಹೆಚ್ಚಾಗಿ ಅಲ್ಲೇ.

ಹಾವೇರಿ ವಿ.ವಿ.ಯ ವಿಷಯ ಸ್ವಲ್ಪ ಬೇರೆ. ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರ ವಿಶ್ವವಿದ್ಯಾಲಯವಾದದ್ದು 2000ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಿಂದ. ಅದರ ಜೊತೆಗೆ ಬೀದರ್, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರವೂ ಬಂದವು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಹಾವೇರಿಯೂ ಸೇರಿ ಒಂಬತ್ತು ವಿ.ವಿ.ಗಳನ್ನು ಮುಚ್ಚಿ ವಿಲೀನ ಮಾಡುವ ಮಾತಾಡಿದ್ದು ನಿಮಗೆ ನೆನಪಿದೆ. ಕಾಯ್ದೆಯಿಂದ ಹುಟ್ಟಿದ ವಿ.ವಿ.ಯನ್ನು ತೆಗೆಯಲೂ ಕಾಯ್ದೆಯೇ ಬೇಕು, ಅಂದರೆ ಮಸೂದೆ ಎರಡೂ ಸದನಕ್ಕೆ ಬರಬೇಕು. ಅಲ್ಲಿ ಮಾತಾಡಲು ನಿಮ್ಮ ಪ್ರತಿನಿಧಿಗಳಿಗೆ ಸಾಮಗ್ರಿ ಕೊಡುವುದು ನಿಮ್ಮ ಕೆಲಸ. ಬರೀ ‘ಮುಚ್ಚಬೇಡಿ’ ಎಂಬುದು ಸಾಮಗ್ರಿಯಲ್ಲ. ಹೊಸ ವಿ.ವಿ.ಗಳಿಗೆ ಜಮೀನಿಲ್ಲ, ಹಣವಿಲ್ಲ, ಕಾಯಂ ಅಧ್ಯಾಪಕರಿಲ್ಲ ಎಂಬ ಸರ್ಕಾರದ ಮಾತಿನಲ್ಲಿ ಹುರುಳಿದೆ, ಅದನ್ನು ನೀವು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆದರೆ ಹಿರೇಕೆರೂರಿನ, ಹಾನಗಲ್ಲಿನ ಹೆಣ್ಣುಮಗಳು ಮನೆಯಿಂದ ಬಸ್ಸಿನಲ್ಲಿ ಹೋಗಿ ಬಂದು ಎಂ.ಎ. ಓದಲು ಸಾಧ್ಯವಾದದ್ದು ಹತ್ತಿರ ಕೇಂದ್ರ ಇದ್ದುದರಿಂದ. ಧಾರವಾಡಕ್ಕೆ ಹೋಗಿ ಹಾಸ್ಟೆಲಿನಲ್ಲಿರು ಎಂದರೆ ಎಷ್ಟೋ ಮನೆಗಳಲ್ಲಿ ಓದು ಅಲ್ಲಿಗೇ ನಿಲ್ಲುತ್ತದೆ. ಅಲ್ಲಿ ಓದುತ್ತಿರುವವರು ಯಾವ ಊರಿನಿಂದ ಬರುತ್ತಾರೆ, ಎಷ್ಟು ಮಂದಿ ಹೆಣ್ಣುಮಕ್ಕಳು, ಮನೆಯಲ್ಲಿ ಮೊದಲ ಪದವೀಧರರು ಎಷ್ಟು ಎಂದು ವಿದ್ಯಾರ್ಥಿಗಳನ್ನೇ ಕೇಳಿ ಪಟ್ಟಿ ಮಾಡಿ. ಹೆಸರಿನ ಮೇಲೆ ಪಟ್ಟು ಹಿಡಿಯಬೇಡಿ. ವಿಲೀನವಾದರೂ ತರಗತಿಗಳು, ಸೀಟುಗಳು, ಅಧ್ಯಾಪಕರು ಅಲ್ಲೇ ಉಳಿಯಬೇಕು ಎಂಬುದು ಗೆಲ್ಲಬಹುದಾದ ಬೇಡಿಕೆ.

ಪದವೀಧರರ ದನಿಗೆ ಬೆಲೆ ಇದೆ ಎಂಬುದಕ್ಕೆ ದೂರದ ಒಂದು ನಿದರ್ಶನ. ಚಂಡೀಗಡದ ಪಂಜಾಬ್ ವಿಶ್ವವಿದ್ಯಾಲಯದ ಆಡಳಿತ ಸಭೆಯಾದ ಸೆನೆಟ್‌ನಲ್ಲಿ ನೋಂದಾಯಿತ ಪದವೀಧರರು ಆರಿಸುವ 15 ಸ್ಥಾನಗಳಿವೆ. 2025ರ ಅಕ್ಟೋಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಸೆನೆಟ್ ಗಾತ್ರವನ್ನು 31ಕ್ಕೆ ಇಳಿಸಿ ಪದವೀಧರರ ಕ್ಷೇತ್ರವನ್ನೇ ತೆಗೆದುಹಾಕಿತು. ವಿದ್ಯಾರ್ಥಿಗಳು, ಹಳೆ ವಿದ್ಯಾರ್ಥಿಗಳು, ಹಾಲಿ-ಮಾಜಿ ಸೆನೆಟ್ ಸದಸ್ಯರು, ಪಂಜಾಬಿನ ಪಕ್ಷಗಳು ಒಟ್ಟಾಗಿ ಎದ್ದು ನಿಂತರು. ನವೆಂಬರ್ ಮೊದಲ ವಾರದಲ್ಲೇ ಅಧಿಸೂಚನೆ ವಾಪಸಾಯಿತು. ನಮ್ಮ 2000ರ ಕಾಯ್ದೆಯಲ್ಲಿ ಸೆನೆಟ್ ಎಂಬುದೇ ಇಲ್ಲ. ಇರುವ ಸಿಂಡಿಕೇಟ್‌ ಎಂಬ ಆಡಳಿತ ಮಂಡಳಿಯಲ್ಲಿ ನಾಮನಿರ್ದೇಶಿತರದೇ ಮೇಲುಗೈ. ಅಲ್ಲಿ ಹಳೆ ವಿದ್ಯಾರ್ಥಿಗಳು ಆರಿಸಿದ ಒಬ್ಬರಿಗಾದರೂ ಸ್ಥಾನ ಕೊಡಿ ಎಂದು ಕಾಯ್ದೆ ತಿದ್ದುಪಡಿ ಕೇಳುವುದು ನ್ಯಾಯವಾದ ಬೇಡಿಕೆ. ಇದು ಒಂದು ತಾಲ್ಲೂಕಿನ ಸಂಘದಿಂದ ಆಗುವುದಲ್ಲ. ಮೈಸೂರು, ಮಂಗಳೂರು, ಕಲಬುರಗಿ, ಶಿವಮೊಗ್ಗದವರೆಲ್ಲ ಕೂಡಬೇಕು. ಈಗ ನಮ್ಮಲ್ಲಿ ಎಷ್ಟೋ ಕಾಲೇಜುಗಳು ಹಳೆ ವಿದ್ಯಾರ್ಥಿಗಳ ಸಂಘ ಕಟ್ಟುವುದು ಕಾಲೇಜಿನ ಗುಣಮಟ್ಟ ಅಳೆದು ದರ್ಜೆ ಕೊಡುವ ನ್ಯಾಕ್ ತಂಡ ಬರುವ ವರ್ಷ, ಅದೂ ದೇಣಿಗೆಯ ಕಾಲಂ ತುಂಬಲು. ಹಳೆ ವಿದ್ಯಾರ್ಥಿ ಅಂದರೆ ಕುರ್ಚಿ, ಫ್ಯಾನು ಕೊಡುವವನು ಎಂಬ ಎಣಿಕೆ ಬದಲಾಗಬೇಕು. ಧಾರವಾಡದಲ್ಲೇ 1917ರಲ್ಲಿ ಕರ್ನಾಟಕ ಕಾಲೇಜು ಬಂದದ್ದು ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಹಣವನ್ನೂ ಕೂಡಿಸಿ, ಮುಂಬಯಿ ಸರ್ಕಾರದ ಬೆನ್ನನ್ನೂ ಹತ್ತಿದ್ದರಿಂದ.

ಇನ್ನು ನಿಮ್ಮ ಆತಂಕಗಳು. ಸರ್ಕಾರಿ ನೌಕರರು 2021ರ ಕರ್ನಾಟಕ ನಾಗರಿಕ ಸೇವಾ (ನಡತೆ) ನಿಯಮಗಳಿಗೆ ಒಳಪಟ್ಟವರು. ರಾಜಕೀಯ ಚಟುವಟಿಕೆಯಲ್ಲಿ ಭಾಗವಹಿಸುವಂತಿಲ್ಲ, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ. ಪದವೀಧರ ಮತದಾರರಾಗಿ ಹೆಸರು ಬರೆಸಿ ಮತ ಹಾಕಲು ಅಡ್ಡಿಯಿಲ್ಲ. ಅವರ ಹೆಸರಿನಲ್ಲಿ ಹೇಳಿಕೆ ಕೊಡಿಸಬೇಡಿ, ನಿಯೋಗದ ಮುಂದೆ ನಿಲ್ಲಿಸಬೇಡಿ. ಅಂಕಿ ಜೋಡಿಸುವುದು, ನಮೂನೆ 18ರ ಕೆಲಸ ಅವರಿಗಿರಲಿ. ಮಾತಾಡುವವರು ವಕೀಲರು, ರೈತರು, ವ್ಯಾಪಾರಿಗಳು, ನಿವೃತ್ತರು ಆಗಿರಲಿ. ನಿವೃತ್ತ ಪ್ರಾಧ್ಯಾಪಕರು ಇದ್ದರಂತೂ ಬಹಳ ಒಳ್ಳೆಯದು, ಕಡತದ ದಾರಿ ಅವರಿಗೆ ಗೊತ್ತು.

ವಿದೇಶದ ಹಣದಲ್ಲಿ ಪಾಸ್‌ಪೋರ್ಟ್ ನೋಡಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿ ತನ್ನ ದುಡಿಮೆಯಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕದ ಅಥವಾ ಬ್ರಿಟನ್ನಿನ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇಟ್ಟುಕೊಂಡವರು ಕಳಿಸಿದ್ದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ನಿಮ್ಮಂಥ ಸಣ್ಣ ಸಂಘಕ್ಕೆ ನನ್ನ ಸಲಹೆ, ಈ ಕೆಲಸಕ್ಕೆ ವಿದೇಶದ ರೂಪಾಯಿಯೇ ಬೇಡ. ಅರ್ಜಿ ಶುಲ್ಕ, ಜೆರಾಕ್ಸ್, ಬೆಳಗಾವಿ ಬಸ್ ಚಾರ್ಜು ಊರಿನ ವಂತಿಗೆಯಲ್ಲೇ ಆಗುತ್ತದೆ. ವಿದೇಶದ ಗೆಳೆಯರು ಅಂಕಿಗಳನ್ನು ಕೋಷ್ಟಕ ಮಾಡಿಕೊಡಲಿ, ಒಂದು ಪುಟದ ಕರಡು ತಿದ್ದಿಕೊಡಲಿ.

ಸಂಘಕ್ಕೆ ಪಕ್ಷದ ಬಣ್ಣ ಬರಬಾರದೆಂದರೆ ಒಂದೇ ದಿನ ಆಡಳಿತ ಪಕ್ಷದವರಿಗೂ ವಿರೋಧ ಪಕ್ಷದವರಿಗೂ ಅದೇ ಕಾಗದ ಕೊಡಿ, ಸ್ವೀಕೃತಿ ಸಹಿ ಇಬ್ಬರಿಂದಲೂ ಪಡೆಯಿರಿ. ಮನವಿ ಸಂಘದ ಲೆಟರ್‌ಹೆಡ್‌ನಲ್ಲಿರಲಿ, ಸಭೆಯ ನಡಾವಳಿ ಪುಸ್ತಕದಲ್ಲಿ ಠರಾವು ದಾಖಲಾಗಿರಲಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಬೈಲಾದ ಉದ್ದೇಶಗಳಲ್ಲಿ ‘ಉನ್ನತ ಶಿಕ್ಷಣದ ಅಭಿವೃದ್ಧಿಗೆ ಸಂಬಂಧಿಸಿದ ವಿಷಯಗಳನ್ನು ಸರ್ಕಾರ ಮತ್ತು ಶಾಸನಸಭೆಗಳ ಗಮನಕ್ಕೆ ತರುವುದು’ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ಮಾಡಿ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಿ. ಆ ಸಭೆಗೆ ಬರುವವರೆಲ್ಲ ಪದವಿ ಪ್ರಮಾಣ ಪತ್ರದ ಪ್ರತಿ ತರಬೇಕೆಂದು ನೋಟಿಸಿನಲ್ಲೇ ಬರೆದರೆ ನಮೂನೆ 18ರ ಕೆಲಸವನ್ನೂ ಅವತ್ತೇ ಶುರು ಮಾಡಬಹುದು.